ಆಸ್ಪತ್ರೆಗೆ ಬಾರದವರಿಂದ ಶುರು ಮಾಡಿ: ಟ್ರಸ್ಟ್ ಆಸ್ಪತ್ರೆಗಳು ಊರಿನ ಆರೋಗ್ಯಕ್ಕೆ ಯೋಜನೆ ಹಾಕುವ ಕ್ರಮ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಟ್ರಸ್ಟು, ಮಠ, ಮಿಷನ್ನುಗಳು ನಡೆಸುವ ಆಸ್ಪತ್ರೆಗಳಿಗೆ ಕೊರತೆ ಇಲ್ಲ. ಇವುಗಳಲ್ಲಿ ಬಹಳಷ್ಟು ಕಡೆ ‘ಸಮುದಾಯ ಆರೋಗ್ಯ’ ಎಂದರೆ ವರ್ಷಕ್ಕೆ ಐದಾರು ಉಚಿತ ಶಿಬಿರ, ಒಂದು ಬ್ಯಾನರು, ಮರುದಿನ ಪೇಪರಿನಲ್ಲಿ ಒಂದು ಫೋಟೊ. ಶಿಬಿರ ಮಾಡಬಾರದೆಂದಲ್ಲ. ಆದರೆ ಶಿಬಿರದಲ್ಲಿ ಬಿ.ಪಿ. ಇದೆ ಎಂದು ಗೊತ್ತಾದ ಮನುಷ್ಯ ಮುಂದಿನ ತಿಂಗಳು ಗುಳಿಗೆ ಎಲ್ಲಿಂದ ತರಬೇಕು ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ಯೋಜನೆ ಅನ್ನಲಾಗದು.

ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆ ಬಂದ ಮೇಲೆ, ತೆರಿಗೆ ವಿನಾಯಿತಿ ಬೇಕೆನ್ನುವ ಲಾಭರಹಿತ ಆಸ್ಪತ್ರೆ 3 ವರ್ಷಕ್ಕೊಮ್ಮೆ ತನ್ನ ಸುತ್ತಲಿನ ಜನರಿಗೆ ಏನು ಬೇಕಾಗಿದೆ ಎಂದು ಅಳೆಯಲೇಬೇಕು. ಏನು ಮಾಡುತ್ತೇವೆ ಎಂದು ಬರೆದು ಆಡಳಿತ ಮಂಡಳಿಯ ಒಪ್ಪಿಗೆ ಪಡೆಯಬೇಕು. ಯಾವುದಕ್ಕೆ ಕೈ ಹಾಕುವುದಿಲ್ಲವೋ ಅದಕ್ಕೆ ಕಾರಣವನ್ನೂ ಬರೆಯಬೇಕು. ತಪ್ಪಿದರೆ 50,000 ಡಾಲರ್ ತೆರಿಗೆ ಬೀಳುತ್ತದೆ. ನಮ್ಮ ಟ್ರಸ್ಟ್ ಆಸ್ಪತ್ರೆಗಳ ಮೇಲೆ ಅಂಥ ಕಡ್ಡಾಯ ಇಲ್ಲ. ಆದರೂ ಅಳೆಯುವುದು, ಬರೆಯುವುದು, ಬಿಟ್ಟದ್ದಕ್ಕೆ ಕಾರಣ ಹೇಳುವುದು ಎಂಬ ಈ ಮೂರನ್ನು ಇಲ್ಲಿಗೆ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ಆರು ತಿಂಗಳು, ಮೂರ್ನಾಲ್ಕು ಜನ ಸಿಬ್ಬಂದಿ, ಒಂದು ವಾಹನ ಸಾಕು.

ಮೊದಲು ಗಡಿ ಗುರುತಿಸಿ

‘ಗದಗ ಜಿಲ್ಲೆಯ ಜನರಿಗಾಗಿ’ ಎಂದು ಬರೆದರೆ ಯಾರಿಗಾಗಿಯೂ ಅಲ್ಲ. 2011ರ ಜನಗಣತಿಯಲ್ಲೇ ಆ ಜಿಲ್ಲೆಯಲ್ಲಿ 10 ಲಕ್ಷ ದಾಟಿದ ಜನ ಇದ್ದರು. ಐವತ್ತು ಹಾಸಿಗೆಯ ಆಸ್ಪತ್ರೆ 50ರಿಂದ 70 ಸಾವಿರ ಜನರ ಹೊಣೆ ಹೊತ್ತರೆ ಅದೇ ದೊಡ್ಡದು.

ಕಳೆದ 12 ತಿಂಗಳ ಒಳರೋಗಿ ರಿಜಿಸ್ಟರು ತೆಗೆದು ಊರಿನ ಹೆಸರಿನ ಪ್ರಕಾರ ಎಣಿಸಿ. ಇಲ್ಲೇ ಮೊದಲ ತೊಡಕು ಸಿಗುತ್ತದೆ: ಕೌಂಟರಿನಲ್ಲಿ ಅವಸರಕ್ಕೆ ಎಲ್ಲರ ಮುಂದೂ ತಾಲ್ಲೂಕಿನ ಹೆಸರನ್ನೇ ಬರೆದಿರುತ್ತಾರೆ. ಅಣ್ಣಿಗೇರಿ, ಅಣ್ಣಿಗೇರಿ, ಅಣ್ಣಿಗೇರಿ. ಹಾಗಿದ್ದರೆ ಮೂರು ತಿಂಗಳ ಮಟ್ಟಿಗೆ ಚೀಟಿಯಲ್ಲಿ ಮೂರು ಕಾಲಂ ಸೇರಿಸಿ: ಊರು ಅಥವಾ ತಾಂಡಾ, ತೊಂದರೆ ಶುರುವಾಗಿ ಎಷ್ಟು ದಿನ, ಇಲ್ಲಿಗೆ ಬರುವ ಮೊದಲು ಎಲ್ಲಿ ತೋರಿಸಿದ್ದರು. ಮೂರನೇ ಕಾಲಂ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಈಗ ತಾಲ್ಲೂಕಿನ ನಕಾಶೆಯ ಮೇಲೆ ಒಂದೊಂದು ಊರಿಗೂ ಎಷ್ಟು ಜನ ಬಂದರೆಂದು ಬರೆಯಿರಿ. ಜಾಸ್ತಿ ಅಂಕಿ ಇರುವ ಊರುಗಳತ್ತ ಕಣ್ಣು ಹೋಗುವುದು ಸಹಜ. ನೋಡಬೇಕಾದದ್ದು ಅವುಗಳ ನಡುವೆ ಸೊನ್ನೆ ಬಿದ್ದ ಊರುಗಳನ್ನು. ಎಂಟು ಕಿಲೋಮೀಟರ್ ದೂರದ ಊರಿನಿಂದ 140 ಜನ ಬಂದು, ಅದೇ ದಾರಿಯಲ್ಲಿ ಐದು ಕಿಲೋಮೀಟರಿನ ತಾಂಡಾದಿಂದ ಇಬ್ಬರೇ ಬಂದಿದ್ದರೆ, ಆ ತಾಂಡಾದವರು ಆರೋಗ್ಯವಾಗಿದ್ದಾರೆ ಎಂದು ಅರ್ಥವಲ್ಲ. ಸಾಮಾನ್ಯವಾಗಿ ಕಾರಣ ಬಸ್ಸು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ನಿಜ, ಆದರೆ ಬಸ್ಸೇ ಬಾರದ ಕಡೆ ಅದರಿಂದ ಪ್ರಯೋಜನ ಇಲ್ಲ. ವಾಯವ್ಯ ಸಾರಿಗೆಯ ಬಸ್ಸು ಆ ದಾರಿಯಲ್ಲಿ ಹನ್ನೊಂದೂವರೆಗೆ ಬಂದು, ನಿಮ್ಮ ಹೊರರೋಗಿ ಟೋಕನ್ ಹನ್ನೊಂದಕ್ಕೇ ಬಂದ್ ಆಗುತ್ತಿದ್ದರೆ, ಸಮೀಕ್ಷೆ ಶುರುವಾಗುವ ಮೊದಲೇ ಒಂದು ತಪ್ಪು ಸಿಕ್ಕಂತಾಯಿತು. ಟೋಕನ್ ಸಮಯ ಬದಲಾಯಿಸಿ. ಖರ್ಚು ಸೊನ್ನೆ.

ಸಮಿತಿ

ಹತ್ತು-ಹನ್ನೆರಡು ಜನ, ಅದಕ್ಕಿಂತ ಹೆಚ್ಚು ಬೇಡ. ಒಬ್ಬ ವೈದ್ಯರು, ಒಬ್ಬ ಹಿರಿಯ ನರ್ಸ್, ಲೆಕ್ಕಪತ್ರದವರು, ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಅವರು ಕಳಿಸಿದವರು, ಒಬ್ಬ ಪಿ.ಡಿ.ಒ., ಇಬ್ಬರು ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು. ಜೊತೆಗೆ ಸಾಮಾನ್ಯವಾಗಿ ಯಾರೂ ಕರೆಯದ ಇಬ್ಬರನ್ನು ಕರೆಯಿರಿ: ಆಂಬ್ಯುಲೆನ್ಸ್ ಚಾಲಕ ಮತ್ತು ಊರಿನ ಔಷಧಿ ಅಂಗಡಿಯವರು. ರಾತ್ರಿ ಯಾವ ಊರಿನಿಂದ ಕರೆ ಬರುತ್ತದೆ, ಯಾವ ದಾರಿ ಮಳೆಗಾಲದಲ್ಲಿ ಎರಿ ಮಣ್ಣಿನ ಕೆಸರಾಗಿ ಗಾಡಿ ಹುಗಿಯುತ್ತದೆ ಎಂದು ಚಾಲಕನಿಗೆ ಗೊತ್ತು. ಯಾವ ನೋವಿನ ಗುಳಿಗೆ ಎಷ್ಟು ಖರ್ಚಾಗುತ್ತಿದೆ ಎಂದು ಅಂಗಡಿಯವರಿಗೆ ಗೊತ್ತು. ಸಭೆಯನ್ನು ಆಸ್ಪತ್ರೆಯ ಎ.ಸಿ. ಕೋಣೆಯಲ್ಲಿ ಇಟ್ಟರೆ ಆಶಾ ಕಾರ್ಯಕರ್ತೆಯರು ಬಾಯಿ ಬಿಡುವುದಿಲ್ಲ. ಪಂಚಾಯಿತಿ ಕಟ್ಟಡವೋ ಅಂಗನವಾಡಿಯೋ ಲೇಸು.

ಇರುವ ಅಂಕಿಗಳನ್ನು ಮೊದಲು ಕೂಡಿಹಾಕಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಪ್ರತಿ ಜಿಲ್ಲೆಗೂ ಪ್ರತ್ಯೇಕ ಹಾಳೆ ಇದೆ, ಪುಕ್ಕಟೆ ಸಿಗುತ್ತದೆ. ಇಡೀ ಕರ್ನಾಟಕಕ್ಕೆ ಅದರಲ್ಲಿ 15–49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ರಕ್ತಹೀನತೆ. ಜಿಲ್ಲೆಯ ಅಂಕಿ ನಿಮ್ಮ 25 ಊರುಗಳ ಅಂಕಿ ಅಲ್ಲ, ಆದರೆ ನಿಮ್ಮ ಸಮೀಕ್ಷೆಯಲ್ಲಿ ಶೇ. 12 ಬಂದರೆ ಎಲ್ಲೋ ಯಂತ್ರ ತಪ್ಪಿದೆ ಎಂದು ತಿಳಿಯಲು ಅದು ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೆರಿಗೆ, ಲಸಿಕೆ, ಕ್ಷಯದ ಲೆಕ್ಕ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಸಿಗುವುದಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದ ಪತ್ರದ ಪ್ರತಿ ಕೈಯಲ್ಲಿರಲಿ. ಜನಸಂಖ್ಯೆಗೆ ಮಾತ್ರ 2011ರ ಗಣತಿ ನೆಚ್ಚಬೇಡಿ. ಆಶಾ ಕಾರ್ಯಕರ್ತೆಯರ ಮನೆ-ಮನೆ ಪುಸ್ತಕವೇ ಹೆಚ್ಚು ನಿಜ.

ಸಮೀಕ್ಷೆ: 30 ಗುಂಪು, 7 ಮನೆ

ಎಲ್ಲ ಮನೆಗೂ ಹೋಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ಸಮೀಕ್ಷೆಗೆಂದು ಬಳಕೆಗೆ ತಂದ 30×7 ಪದ್ಧತಿಯಲ್ಲಿ (30 ಗುಂಪು, ಗುಂಪಿಗೆ 7 ಮನೆ) 210 ಮನೆ ಸಾಕು, ನಿಜವಾದ ಶೇಕಡಾವಾರಿಗಿಂತ ಹತ್ತು ಅಂಕ ಆಚೀಚೆ ಎನ್ನುವಷ್ಟು ನಿಖರತೆ ಸಿಗುತ್ತದೆ. ಊರು ಆರಿಸುವುದು ಮಾತ್ರ ಮನಸ್ಸಿಗೆ ಬಂದಂತೆ ಅಲ್ಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ನಿಮ್ಮ ಎಲ್ಲ ಊರು-ತಾಂಡಾಗಳ ಒಟ್ಟು ಜನ 63,000 ಎಂದುಕೊಳ್ಳಿ. 30ರಿಂದ ಭಾಗಿಸಿದರೆ 2,100. ಒಂದರಿಂದ 2,100ರ ಒಳಗೆ ಚೀಟಿ ಎತ್ತಿ ಒಂದು ಅಂಕಿ ತೆಗೆಯಿರಿ. 850 ಬಂತು ಎನ್ನೋಣ. ಅದಕ್ಕೆ 2,100 ಕೂಡಿಸುತ್ತ ಹೋದರೆ 850, 2,950, 5,050 ಹೀಗೆ 30 ಅಂಕಿ ಬರುತ್ತವೆ. ಊರುಗಳ ಜನಸಂಖ್ಯೆಯನ್ನು ಒಂದರ ಕೆಳಗೊಂದು ಕೂಡಿಸುತ್ತ ಬರೆಯಿರಿ. ಮೊದಲ ಊರು 3,400 ಜನರದ್ದಾದರೆ 850 ಮತ್ತು 2,950 ಎರಡೂ ಅದರಲ್ಲೇ ಬಿದ್ದವು, ಆ ಊರಿಗೆ ಎರಡು ಗುಂಪು. ಎರಡನೆಯದು 620 ಜನರ ತಾಂಡಾ, ಕೂಡಿಸಿದರೆ 4,020, ಅಲ್ಲಿ ಯಾವ ಅಂಕಿಯೂ ಬೀಳಲಿಲ್ಲ. ಮೂರನೆಯದು 2,300 ಜನ, ಕೂಡಿಸಿದರೆ 6,320, ಅಲ್ಲಿ 5,050 ಬಿತ್ತು, ಒಂದು ಗುಂಪು. ದೊಡ್ಡ ಊರಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ, ಯಾರ ಶಿಫಾರಸೂ ಇಲ್ಲ. ತಾಂಡಾಗಳು ಪೂರ್ತಿ ತಪ್ಪಿಹೋದರೆ ಅವುಗಳಲ್ಲೇ ಬೇರೆ ಎರಡು ಗುಂಪು ಮಾಡಿ, ಆ ಅಂಕಿಯನ್ನು ಪ್ರತ್ಯೇಕ ಇಟ್ಟುಕೊಳ್ಳಿ. ಒಟ್ಟು ಅಂಕಿಗೆ ಬೆರೆಸಬೇಡಿ.

ಊರೊಳಗೆ ಹೋದ ಮೇಲೆ ಎಲ್ಲರೂ ಮಾಡುವ ತಪ್ಪು ಗುಡಿ ಮುಂದಿನಿಂದ ಶುರು ಮಾಡುವುದು. ಗುಡಿ ಸುತ್ತಲಿನ ಏಳು ಮನೆ ಎಂದರೆ ಊರಿನ ಗೌಡರು, ಶೆಟ್ಟರು, ಮಾಸ್ತರರ ಮನೆ. ಬದಲಿಗೆ ಓಣಿ, ಕೇರಿ, ಆಶ್ರಯ ಪ್ಲಾಟು ಎಲ್ಲಕ್ಕೂ ನಂಬರ್ ಹಾಕಿ ಚೀಟಿ ಎತ್ತಿ, ಬಂದ ಓಣಿಯ ಕೊನೆಯ ಮನೆಯಿಂದ ಶುರು ಮಾಡಿ.

ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಬೇಡಿ. ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ಕಡೆಯ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಕಡೆ ಗುಳೆ ಹೋದವರ ಮನೆ ಅದು. ಅವರನ್ನು ಬಿಟ್ಟರೆ ಬಹಳ ಮಟ್ಟಿಗೆ ಬಡವರನ್ನೇ ಬಿಟ್ಟಂತೆ. ಬೀಗದ ಮನೆಗಳ ಪಟ್ಟಿ ಇಟ್ಟುಕೊಂಡು ಊರ ಜಾತ್ರೆಗೋ ಪಂಚಮಿಗೋ ಅವರು ಬಂದಾಗ ಮತ್ತೆ ಹೋಗಿ. ಉಳಿದವರಿಗೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಆರರಿಂದ ಎಂಟು. ಮಧ್ಯಾಹ್ನ ಹೋದರೆ ಮುದುಕರು, ಮಕ್ಕಳು ಬಿಟ್ಟರೆ ಎಲ್ಲರೂ ಹೊಲದಲ್ಲಿ.

ಗರ್ಭಿಣಿಯರ ಲೆಕ್ಕ ಈ 210 ಮನೆಗಳಿಂದ ಹೊರಡುವುದಿಲ್ಲ, ಅಷ್ಟರಲ್ಲಿ ಹತ್ತು-ಹದಿನೈದು ಗರ್ಭಿಣಿಯರು ಸಿಕ್ಕರೆ ಹೆಚ್ಚು. ಅದಕ್ಕೆ ತಾಯಿ ಕಾರ್ಡಿನ ಪಟ್ಟಿಯನ್ನೇ ಹಿಡಿಯಿರಿ.

ಏನು ಕೇಳಬೇಕು, ಹೇಗೆ ಕೇಳಬೇಕು

25 ಪ್ರಶ್ನೆ, 20 ನಿಮಿಷ. ಅದಕ್ಕಿಂತ ಉದ್ದವಾದರೆ ಕೊನೆಯ ಉತ್ತರಗಳೆಲ್ಲ ‘ಹೂಂ’, ‘ಇಲ್ಲ’. ‘ಕುಟುಂಬದಲ್ಲಿ ಯಾರಿಗಾದರೂ ದೀರ್ಘಕಾಲೀನ ಕಾಯಿಲೆ ಇದೆಯೇ?’ ಎಂದು ಕೇಳಿದರೆ ‘ಏನೂ ಇಲ್ಲರೀ, ಎಲ್ಲಾರೂ ಚಲೋ ಅದೀವಿ’ ಅನ್ನುತ್ತಾರೆ. ‘ಹ್ವಾದ ತಿಂಗಳ ಗುಳಿಗಿಗೆ ಎಷ್ಟ ರೊಕ್ಕ ಹೋತ್ರಿ?’ ಎಂದು ಕೇಳಿ ನೋಡಿ. ಒಳಗಿನಿಂದ ಪ್ಲಾಸ್ಟಿಕ್ ಚೀಲ ಬರುತ್ತದೆ, ಅದರಲ್ಲಿ ಅರ್ಧ ಖಾಲಿಯಾದ ಬಿ.ಪಿ. ಗುಳಿಗೆಯ ಹಾಳೆ, ಎರಡು ಬೇರೆ ವೈದ್ಯರ ಚೀಟಿ, ಮೊಣಕಾಲು ನೋವಿನ ಮುಲಾಮು. ಇಡೀ ಮನೆಯ ಆರೋಗ್ಯ ಆ ಚೀಲದಲ್ಲಿದೆ.

ತಂಬಾಕಿನ ಪ್ರಶ್ನೆಯೂ ಹಾಗೆಯೇ. ಎಲೆ-ಅಡಿಕೆಯ ಜೊತೆ ತಂಬಾಕು, ಗುಟ್ಕಾ, ಬೀಡಿ ಒಂದೊಂದನ್ನೂ ಬೇರೆ ಬೇರೆ ಕೇಳಿ. ಎಲೆ-ಅಡಿಕೆ ಹಾಕುವ ಅಜ್ಜಿ ತಾನು ತಂಬಾಕು ತಿನ್ನುತ್ತೇನೆಂದು ಎಂದೂ ಹೇಳುವುದಿಲ್ಲ. ಸೊಸೆಯ ಬಗ್ಗೆ ಅತ್ತೆಯನ್ನು ಕೇಳಬೇಡಿ. ಸೊಸೆಯನ್ನೇ, ಹೆಣ್ಣುಮಗಳೇ ಕೇಳಬೇಕು. ಕೆಲಸದ ಬಗ್ಗೆ ಎರಡು ಪ್ರಶ್ನೆ ಇರಲಿ: ಬ್ಯಾಡಗಿ ಸುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವವರಿಗೆ ಘಾಟಿನಿಂದ ಕೆಮ್ಮು, ಕಣ್ಣುರಿ, ರಾಣೇಬೆನ್ನೂರು ಭಾಗದ ಬೀಜೋತ್ಪಾದನೆ ಹೊಲಗಳಲ್ಲಿ ಔಷಧಿ ಹೊಡೆಯುವವರ ತಲೆಸುತ್ತು. ಇವು ಹೊರರೋಗಿ ರಿಜಿಸ್ಟರಿನಲ್ಲಿ ‘ಕೆಮ್ಮು’, ‘ಸುಸ್ತು’ ಎಂದಷ್ಟೇ ಬಿದ್ದಿರುತ್ತವೆ.

ಅಳತೆಯಲ್ಲಿ ತಪ್ಪುವುದು ಎಲ್ಲಿ? ಬಿ.ಪಿ. ನೋಡುವ ಮೊದಲು 5 ನಿಮಿಷ ಬೆನ್ನು ಆನಿಸಿ ಕೂಡಿಸಿ. ಚಹಾ, ತಂಬಾಕು ಆಗಿ ಅರ್ಧ ತಾಸು ಕಳೆದಿರಬೇಕು. ಪಟ್ಟಿ ತೋಳಿನ ದಪ್ಪಕ್ಕೆ ತಕ್ಕದ್ದಿರಲಿ: ಸಾಮಾನ್ಯ ಪಟ್ಟಿ 22–32 ಸೆಂ.ಮೀ. ತೋಳಿಗೆ, ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿ.ಪಿ. ಸುಳ್ಳೇ ಏರುತ್ತದೆ. ಎರಡು ಸಲ ನೋಡಿ, ನಡುವೆ ಒಂದು ನಿಮಿಷ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ನೋಡಿ. ಹಿಮೋಗ್ಲೋಬಿನ್ನಿಗೆ ಬೆರಳು ಹಿಂಡಬೇಡಿ, ಹಿಂಡಿದರೆ ನೀರಿನಂಶ ಬೆರೆತು ಅಂಕಿ ಇಳಿಯುತ್ತದೆ. ಮೊದಲ ಹನಿ ಒರೆಸಿ. ರಕ್ತ ಪರೀಕ್ಷೆಯ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ತೆರೆದಿಟ್ಟರೆ ಆ ಡಬ್ಬಿ ಹೋಯಿತು ಎಂದೇ ತಿಳಿಯಿರಿ.

ನೀರಿನ ಪರೀಕ್ಷೆ ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬಿಡುವಂತಿಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಪಂಪು ನಾಲ್ಕೈದು ನಿಮಿಷ ಓಡಿಸಿ, ಅದೇ ನೀರಿನಿಂದ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಿರಿ. ಗಾಜು ಬೇಡ, ಫ್ಲೋರೈಡ್ ಗಾಜಿನೊಂದಿಗೆ ಸೇರಿ ಅಂಕಿ ಕೆಡುತ್ತದೆ. ಕುದಿಸಿದರೆ ಸರಿಹೋಗುತ್ತದೆ ಎಂದು ಜನರಿಗೆ ಹೇಳಲೇಬೇಡಿ, ನೀರು ಇಂಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ.

ಕೈ ಸಾಲದಿದ್ದರೆ ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳನ್ನೋ, ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿದ್ಯಾರ್ಥಿಗಳನ್ನೋ ಕೇಳಿ. ಒಂದು ಮಾತು ಮೊದಲೇ ಖಚಿತವಿರಲಿ: ಸಮೀಕ್ಷೆಯಲ್ಲಿ ಯಾರ ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಬಂತೋ, ಯಾರ ಬಿ.ಪಿ.ಯ ಮೇಲಿನ ಅಂಕಿ 180 ದಾಟಿತೋ ಅವರನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು. ರಕ್ತ ತೆಗೆದುಕೊಂಡು ಹೋಗಿ ಮುಖ ತೋರಿಸದ ಆಸ್ಪತ್ರೆಗೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ.

ಯಾವುದು ಮೊದಲು

ಹನ್ನೆರಡು ತೊಂದರೆ ಪಟ್ಟಿಗೆ ಬರುತ್ತವೆ, ಮೂರಕ್ಕಿಂತ ಹೆಚ್ಚು ಹಿಡಿಯಬೇಡಿ. ತೊಂದರೆಗಳಿಗೆ ಅಂಕ ಕೊಟ್ಟು ಯಾವುದು ಮೊದಲು ಎಂದು ನಿರ್ಧರಿಸುವ ಹ್ಯಾನ್ಲನ್ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಷ್ಟು ಜನರಿಗಿದೆ, ಎಷ್ಟು ಗಂಭೀರ, ನಾವು ಮಾಡಿದರೆ ಎಷ್ಟು ಕಡಿಮೆಯಾದೀತು ಎಂಬ ಮೂರಕ್ಕೂ ಹತ್ತರಲ್ಲಿ ಅಂಕ ಕೊಡಿ. ಗಂಭೀರತೆಯನ್ನು ಎರಡರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ, ಬಂದದ್ದನ್ನು ಮೂರನೆಯದರಿಂದ ಗುಣಿಸಿ. ಉದಾಹರಣೆಗೆ ಗರ್ಭಿಣಿಯರ ರಕ್ತಹೀನತೆಗೆ 7, 8, 7 ಕೊಟ್ಟರೆ 161. ಬಿ.ಪಿ.ಗೆ 8, 7, 7 ಆದರೆ 154. ತಂಬಾಕಿಗೆ 7, 8, 3 ಆದರೆ 69. ಫ್ಲೋರೈಡಿಗೆ 4, 7, 2 ಆದರೆ 36.

ಫ್ಲೋರೈಡ್ ತಳಕ್ಕೆ ಹೋದದ್ದು ಅದು ಸಣ್ಣ ತೊಂದರೆ ಎಂದಲ್ಲ, ಅದರ ಮದ್ದು ನೀರಿನಲ್ಲಿದೆ, ಆಸ್ಪತ್ರೆಯಲ್ಲಿಲ್ಲ ಎಂದು. ಅದನ್ನು ‘ನಾವು ಮಾಡದ ಕೆಲಸ’ದ ಪುಟದಲ್ಲಿ ಬರೆದು, ನೀರಿನ ವರದಿಯನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಗೂ ಪಂಚಾಯಿತಿಗೂ ಮುಟ್ಟಿಸಿ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಕಾಯಿನ್ ಹಾಕುವ ಶುದ್ಧ ನೀರಿನ ಘಟಕ ಊರಲ್ಲಿದ್ದರೆ ಅದು ಓಡುತ್ತಿದೆಯೇ ನೋಡಿ. ಓಡುತ್ತಿದ್ದರೂ ಅದರಿಂದ ಬರುವ ನೀರನ್ನು ಪರೀಕ್ಷಿಸಿ. ಒಳಗಿನ ಪೊರೆ ಸವೆದಿದ್ದರೆ ಕೊಡ ತುಂಬುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ.

ಒಂದು ಹಾಳೆಯ ಯೋಜನೆ

ಪ್ರತಿ ಕೆಲಸಕ್ಕೂ ಒಂದೇ ಹಾಳೆ. ಬಿ.ಪಿ. ಹಿಡಿದು ಹೇಳುವುದಾದರೆ: 12,000 ಜನರ ಐದು ಊರು. ಅದರಲ್ಲಿ 30 ದಾಟಿದವರು ಸುಮಾರು ಅರ್ಧ, 6,000. ನಾಲ್ಕರಲ್ಲಿ ಒಬ್ಬರಿಗೆ ಬಿ.ಪಿ. ಎಂದು ಹಿಡಿದರೆ 1,500. ಮೊದಲ ವರ್ಷ ಅರ್ಧ ಜನ ಸೇರಿಕೊಂಡರೆ 750. ದಿನಕ್ಕೊಂದು ಗುಳಿಗೆಯಾದರೆ ತಿಂಗಳಿಗೆ 22,500. ಕೆಲವರಿಗೆ ಎರಡು ಬೇಕಾಗುವುದರಿಂದ ಒಂದೂವರೆ ಪಟ್ಟು, ಅಂದರೆ 33,750. ಕೈಯಲ್ಲಿ ಎರಡು ತಿಂಗಳ ದಾಸ್ತಾನು ಎಂದರೆ 67,500. ಇಷ್ಟನ್ನೂ ನೀವೇ ಕೊಳ್ಳಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಗುಳಿಗೆ ಪುಕ್ಕಟೆ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲೂ ಮನೆ ಬಾಗಿಲಲ್ಲಿ ಬಿ.ಪಿ., ಸಕ್ಕರೆ ನೋಡುವ ಕೆಲಸ ಇದೆ. ಅಲ್ಲಿ ದಾಸ್ತಾನು ತೀರಿದ ತಿಂಗಳು ತುಂಬಿಕೊಡುವುದೇ ನಿಮ್ಮ ಪಾಲು. ತಪಾಸಣೆ ಅವರದು, ಗುಳಿಗೆ ತಪ್ಪದಂತೆ ನೋಡುವುದು ನಿಮ್ಮದು ಎಂದು ಮೊದಲೇ ಹಂಚಿಕೊಳ್ಳದಿದ್ದರೆ ಒಬ್ಬನೇ ಮನುಷ್ಯನ ಬಿ.ಪಿ.ಯನ್ನು ಮೂರು ಜನ ನೋಡುತ್ತಾರೆ, ಗುಳಿಗೆ ಯಾರೂ ಕೊಡುವುದಿಲ್ಲ.

ದಿನ ಬದಲಿಸಬೇಡಿ. ‘ತಿಂಗಳ ಎರಡನೇ ಮಂಗಳವಾರ, ಅಂಗನವಾಡಿ ಮುಂದೆ, ಬೆಳಿಗ್ಗೆ 7ಕ್ಕೆ’ ಎಂದರೆ ಅಷ್ಟೇ. ವೈದ್ಯರು ರಜೆಯಲ್ಲಿದ್ದರೂ ನರ್ಸ್ ಹೋಗಲಿ. ಎರಡು ತಿಂಗಳು ತಪ್ಪಿದರೆ ಮೂರನೇ ತಿಂಗಳು ಯಾರೂ ಬರುವುದಿಲ್ಲ. ಸಂತೆಯ ದಿನ ನೋಡಿಕೊಂಡು ದಿನ ಇಡಿ.

ಗರ್ಭಿಣಿಯರ ಹಾಳೆ ಇದಕ್ಕಿಂತ ಚಿಕ್ಕದು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಸರ್ಕಾರ ಕೊಡುವ ಕಬ್ಬಿಣದ ಗುಳಿಗೆ ದಿನಕ್ಕೆ ಎರಡು, ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಒಂದು ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ, ಅಥವಾ 7ಕ್ಕಿಂತ ಕಡಿಮೆಯಿದ್ದರೆ, ಗುಳಿಗೆ ನೆಚ್ಚಿ ಕೂರದೆ ಆಸ್ಪತ್ರೆಗೆ ಕರೆತನ್ನಿ. 5ಕ್ಕಿಂತ ಕೆಳಗೆ ಹೋದರೆ ಒಳರೋಗಿಯಾಗಿ ಸೇರಿಸಲೇಬೇಕು. ಗುಳಿಗೆ ಬಿಡುವುದಕ್ಕೆ ಮುಖ್ಯ ಕಾರಣ ಮಲ ಕಪ್ಪಾಗುವುದು, ಹೊಟ್ಟೆ ತೊಳಸುವುದು. ಇದನ್ನು ಕೊಡುವ ದಿನವೇ ಹೇಳಿ. ಚಹಾದ ಜೊತೆ ನುಂಗಬಾರದೆಂದೂ ಹೇಳಿ.

ಹಣ

ಬಜೆಟ್ಟಿನಲ್ಲಿ ಎಲ್ಲರೂ ಯಂತ್ರ ಬರೆಯುತ್ತಾರೆ, ಡೀಸೆಲ್ ಮರೆಯುತ್ತಾರೆ. ವಾಹನ, ಚಾಲಕ, ನರ್ಸಿನ ಸಂಬಳ ಇವೇ ದೊಡ್ಡ ಖರ್ಚು. ಕಂಪನಿಗಳ ಸಾಮಾಜಿಕ ಹೊಣೆಯ ಹಣ ಕೇಳುವುದಾದರೆ, 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ಅದನ್ನು ಪಡೆಯಲು ನಿಮ್ಮ ಟ್ರಸ್ಟ್ ‘ಸಿ.ಎಸ್.ಆರ್.-1’ ಫಾರಂ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. ಅರ್ಜಿ ಮಾರ್ಚಿನಲ್ಲಿ ಹಾಕಿದರೆ ಹಣಕಾಸು ವರ್ಷ ಮುಗಿದಿರುತ್ತದೆ, ಜೂನ್-ಜುಲೈ ಸರಿಯಾದ ಹೊತ್ತು. ಕಂಪನಿಗಳಿಗೆ ಹೆಸರು ಬರೆಸಿದ ಆಂಬ್ಯುಲೆನ್ಸ್ ಇಷ್ಟ, ನರ್ಸಿನ ಸಂಬಳ ಇಷ್ಟವಿಲ್ಲ. ಆದ್ದರಿಂದ ಸಂಬಳವನ್ನು ಟ್ರಸ್ಟಿನ ಸ್ವಂತ ಹಣದಲ್ಲಿ ಇಟ್ಟು, ಸ್ಟ್ರಿಪ್ಪು-ಯಂತ್ರಗಳನ್ನು ಅವರಿಗೆ ಬಿಡಿ. ಇಡೀ ಹಾಳೆಗೆ ಆಡಳಿತ ಮಂಡಳಿಯ ಠರಾವು ಬೇಕು. ಠರಾವು ಇಲ್ಲದ ಯೋಜನೆ ಅಧ್ಯಕ್ಷರು ಬದಲಾದ ದಿನ ನಿಲ್ಲುತ್ತದೆ.

ಎಣಿಕೆ

‘ಈ ವರ್ಷ 4,000 ಜನರ ತಪಾಸಣೆ’ ಎಂಬ ಸಾಲು ಬರೆಯಬೇಡಿ. ಬರೆಯಬೇಕಾದದ್ದು: ಹೆಸರು ನೋಂದಾಯಿಸಿದವರಲ್ಲಿ ಕಳೆದ ಮೂರು ತಿಂಗಳಲ್ಲಿ ಬಂದು, ಬಿ.ಪಿ. 140/90ಕ್ಕಿಂತ ಕೆಳಗಿದ್ದವರು ಎಷ್ಟು. 300 ಜನ ಪುಸ್ತಕದಲ್ಲಿದ್ದಾರೆ, 120 ಜನ ಬಂದರು, 90 ಜನರದು ಹಿಡಿತದಲ್ಲಿದೆ ಎನ್ನೋಣ. ಬಂದವರಲ್ಲೇ ಭಾಗಿಸಿದರೆ ಶೇ. 75, ನೋಡಲು ಚಂದ. ನಿಜವಾದ ಅಂಕಿ 300ರಲ್ಲಿ 90, ಶೇ. 30. ಬಾರದವನ ಬಿ.ಪಿ. ಹಿಡಿತದಲ್ಲಿಲ್ಲ ಎಂದೇ ಹಿಡಿಯಬೇಕು. ಈ ಅಂಕಿಯನ್ನು ಊರಿನ ಹೆಸರಿನ ಸಮೇತ ಮೂರು ತಿಂಗಳಿಗೊಮ್ಮೆ ಹೊರರೋಗಿ ವಿಭಾಗದ ಗೋಡೆಯ ಮೇಲೆ, ಪಂಚಾಯಿತಿ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿ, ಇಳಿದಿದ್ದರೂ ಅಂಟಿಸಿ.

ಬಾರದ 180 ಜನರ ಪಟ್ಟಿ ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು, ಹೆಸರಿನ ಮುಂದೆ ಕಾರಣ ಬರೆದು ವಾಪಸ್ ಬರಬೇಕು: ತೀರಿಕೊಂಡರು, ಬೇರೆ ಕಡೆ ತೋರಿಸುತ್ತಾರೆ, ಗುಳಿಗೆ ಸಾಕೆಂದು ಬಿಟ್ಟರು, ಗುಳೆ ಹೋದರು. ಕೊನೆಯವರಿಗೆ ಪರಿಹಾರ ಸುಲಭ. ಅವರು ಹೊರಡುವ ತಿಂಗಳು ಗೊತ್ತೇ ಇರುತ್ತದೆ. ಅದರ ಹಿಂದಿನ ಮಂಗಳವಾರ ಒಂದು ತಿಂಗಳ ಬದಲು ಮೂರು ತಿಂಗಳ ಗುಳಿಗೆ, ಅದರ ಹೆಸರು-ಪ್ರಮಾಣ ಬರೆದ ಪ್ಲಾಸ್ಟಿಕ್ ಹೊದಿಸಿದ ಕಾರ್ಡು ಕೈಗೆ ಕೊಡಿ. ಮಡಗಾಂವಿನ ಅಂಗಡಿಯಲ್ಲಿ ತೋರಿಸಿದರೂ ಅರ್ಥವಾಗುವಂತೆ ಔಷಧಿಯ ಹೆಸರು ಇಂಗ್ಲಿಷಿನಲ್ಲೂ ಇರಲಿ.